ಗಣಿತದ ಸೋಲು ಹತ್ತನೇ ತರಗತಿಯದಲ್ಲ

ಮೇ ತಿಂಗಳು ಬಂತೆಂದರೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಸುಗ್ಗಿ. ಯಾವ ಜಿಲ್ಲೆಗೆ ಎಷ್ಟನೇ ಸ್ಥಾನ, ಯಾವ ತಾಲೂಕು ಮೇಲೇರಿತು, ಯಾವುದು ಜಾರಿತು ಎಂಬ ಪಟ್ಟಿಗಳು ಪತ್ರಿಕೆಗಳನ್ನು ತುಂಬುತ್ತವೆ. ಸ್ಥಾನ ಕುಸಿದ ಜಿಲ್ಲೆಯ ಅಧಿಕಾರಿಗೆ ನೋಟೀಸು ಬರುತ್ತದೆ, ಅಧಿಕಾರಿಯಿಂದ ಮುಖ್ಯೋಪಾಧ್ಯಾಯರಿಗೆ ನೋಟೀಸು, ಮುಖ್ಯೋಪಾಧ್ಯಾಯರಿಂದ ಗಣಿತ ಶಿಕ್ಷಕರಿಗೆ ಬೈಗುಳ. ಶಿಕ್ಷಕರು ಇನ್ನು ಯಾರಿಗೆ ಹೇಳಬೇಕು? ಹುಡುಗನಿಗೆ ಹೇಳುತ್ತಾರೆ: 'ನಿನ್ನ ತಲೆಗೆ ಗಣಿತ ಹತ್ತೂದಿಲ್ಲ ಬಿಡಪ್ಪಾ.' ಹುಡುಗ ಅದನ್ನು ನಂಬುತ್ತಾನೆ. ಅವನ ಮನೆಯವರೂ ನಂಬುತ್ತಾರೆ. ಅಲ್ಲಿಗೆ ಆ ವರ್ಷದ ವಿಚಾರಣೆ ಮುಗಿಯಿತು.

ಗದಗ ಜಿಲ್ಲೆಯ ಉತ್ತರಕ್ಕಿರುವ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲೂಕುಗಳನ್ನು ಮುಂದಿಟ್ಟುಕೊಂಡು ನಾವು ಈ ವಿಚಾರಣೆಯನ್ನು ಮತ್ತೆ ತೆರೆಯಬೇಕೆಂದಿದ್ದೇವೆ. ಇದು ಎರೆಭೂಮಿಯ ಸೀಮೆ. ಜೋಳ, ಕಡಲೆ, ಹೆಸರು, ಹತ್ತಿ, ಈರುಳ್ಳಿ ಬೆಳೆಯುವ ಜನ. ಗಜೇಂದ್ರಗಡದಲ್ಲಿ ನೇಕಾರಿಕೆಯೂ ಇದೆ. ಇಲ್ಲಿನ ಬಹುಪಾಲು ಬಡವರ ಮಕ್ಕಳಿಗೆ ಸರ್ಕಾರಿ ಶಾಲೆಯಲ್ಲದೆ ಬೇರೆ ದಾರಿಯಿಲ್ಲ. ಈ ಮಕ್ಕಳು ಗಣಿತದಲ್ಲಿ ಸೋಲುವುದು ಹತ್ತನೇ ತರಗತಿಯಲ್ಲಲ್ಲ ಎಂಬುದು ನಮ್ಮ ವಾದ. ಹತ್ತರಲ್ಲಿ ಆ ಸೋಲು ಕಣ್ಣಿಗೆ ಕಾಣುತ್ತದೆ, ಅಷ್ಟೆ. ಸೋತದ್ದು ಆರು, ಏಳರಲ್ಲಿ. ಆದರೆ ಇಲಾಖೆಯ ಮುತುವರ್ಜಿ, ಹಣ, ಗದರಿಕೆ ಎಲ್ಲವೂ ಹತ್ತನೇ ತರಗತಿಯ ಜನವರಿ ತಿಂಗಳಿಗೆ ಮೀಸಲಾಗಿವೆ.

ಆ ಜನವರಿಯಲ್ಲಿ ನಡೆಯುವುದೇನು? 'ಪಾಸಿಂಗ್ ಪ್ಯಾಕೇಜ್' ಎಂಬ ಹೆಸರು ನಮ್ಮ ಪ್ರೌಢಶಾಲೆಗಳಲ್ಲಿ ಎಲ್ಲರಿಗೂ ಗೊತ್ತು. ಹಿಂದುಳಿದ ವಿದ್ಯಾರ್ಥಿಗಳನ್ನು ಗುರುತಿಸಿ, ಪರೀಕ್ಷೆಯಲ್ಲಿ ಬಂದೇ ಬರುವ ಪ್ರಶ್ನೆಗಳನ್ನು ಆರಿಸಿ, ಅವಷ್ಟನ್ನೇ ಉರು ಹೊಡೆಸುವ ಯೋಜನೆ. ಥೇಲ್ಸನ ಪ್ರಮೇಯದ ಸಾಧನೆ ಕಲಿತರೆ ಮೂರೋ ನಾಲ್ಕೋ ಅಂಕ. ನಕ್ಷೆ ಎಳೆದರೆ ಇಷ್ಟು ಅಂಕ. ಸೂತ್ರ ಬರೆದರೆ ಉತ್ತರ ತಪ್ಪಾದರೂ ಅರ್ಧ ಅಂಕ. ಪಾಠ ಮಾಡುವ ಶಿಕ್ಷಕರನ್ನು ನಾವು ದೂರುವುದಿಲ್ಲ. ಎರಡು ತಿಂಗಳಲ್ಲಿ ನಾಲ್ಕು ವರ್ಷದ ಸಾಲ ತೀರಿಸಿ ಎಂದರೆ ಯಾರಾದರೂ ಇದನ್ನೇ ಮಾಡಿಯಾರು. ಆದರೆ ಇದಕ್ಕೆ ಗಣಿತ ಕಲಿಕೆ ಎಂಬ ಹೆಸರು ಸಲ್ಲದು. ತ್ರಿಭುಜದ ಒಂದು ಬಾಹುವಿಗೆ ಸಮಾಂತರವಾಗಿ ಎಳೆದ ರೇಖೆಯ ಕುರಿತು ಹನ್ನೆರಡು ಸಾಲನ್ನು ತಪ್ಪಿಲ್ಲದೆ ಬರೆಯುವ ಹುಡುಗಿಗೆ, ಪ್ರಶ್ನೆಪತ್ರಿಕೆಯಲ್ಲಿ ತ್ರಿಭುಜದ ಹೆಸರನ್ನು ಎಬಿಸಿ ಬದಲು ಪಿಕ್ಯೂಆರ್ ಎಂದು ಕೊಟ್ಟರೆ ಕೈ ನಿಲ್ಲುತ್ತದೆ.

ಪರೀಕ್ಷೆಯ ಅಂಕಿಗಳು ಎಷ್ಟು ಟೊಳ್ಳಾಗಿದ್ದವು ಎಂಬುದು 2024ರಲ್ಲಿ ಬಯಲಾಯಿತು. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಇಟ್ಟು ವೆಬ್‌ಕಾಸ್ಟಿಂಗ್ ಮಾಡಿದರು. 2023ರಲ್ಲಿ ಶೇ. 83.89 ಇದ್ದ ರಾಜ್ಯದ ಫಲಿತಾಂಶ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ. 10ರಿಂದ 20ಕ್ಕೆ ಏರಿಸಿ, ಕೃಪಾಂಕ ಪಡೆಯಲು ಬೇಕಾದ ಅರ್ಹತೆಯನ್ನು ಶೇ. 35ರಿಂದ 25ಕ್ಕೆ ಇಳಿಸಿದ ಮೇಲೆ. 2025ರಲ್ಲಿ ಆ ಕೃಪೆ ಇರಲಿಲ್ಲ. ಮೊದಲ ಪರೀಕ್ಷೆಯ ಫಲಿತಾಂಶ ಶೇ. 66ರ ಆಸುಪಾಸಿಗೆ ಬಂತು. ಅದೇ ವರ್ಷದ ಅಕ್ಟೋಬರಿನಲ್ಲಿ ತೇರ್ಗಡೆಯ ಗೆರೆಯನ್ನೇ ಒಟ್ಟಾರೆ ಶೇ. 33ಕ್ಕೆ ಇಳಿಸುವುದಾಗಿ ಸರ್ಕಾರ ಪ್ರಕಟಿಸಿತು. ಬಾವಿಯಲ್ಲಿ ನೀರು ಇಳಿದರೆ ಹಗ್ಗ ಉದ್ದ ಮಾಡಬಹುದು, ತಪ್ಪಿಲ್ಲ. ಆದರೆ ನೀರೇಕೆ ಇಳಿಯಿತೆಂದು ಒಮ್ಮೆಯಾದರೂ ಇಣುಕಿ ನೋಡಬೇಡವೇ?

ಇಣುಕಿ ನೋಡಿದರೆ ತಳದಲ್ಲಿ ಕಾಣುವುದು ಭಿನ್ನರಾಶಿ. ಒಂಬತ್ತನೇ ತರಗತಿಯ ಮಕ್ಕಳಿಗೆ ಅರ್ಧಕ್ಕೆ ಕಾಲು ಕೂಡಿಸಿ ಎಂದು ಹಲಗೆಯ ಮೇಲೆ ಬರೆದುಕೊಟ್ಟರೆ, ಮೇಲಿನದನ್ನು ಮೇಲಿನದಕ್ಕೆ ಕೆಳಗಿನದನ್ನು ಕೆಳಗಿನದಕ್ಕೆ ಕೂಡಿಸಿ ಆರರಲ್ಲಿ ಎರಡು, ಅಂದರೆ 2/6 ಎಂದು ಬರೆಯುವ ಮಕ್ಕಳು ಯಾವ ಶಾಲೆಯಲ್ಲೂ ಸಿಗುತ್ತಾರೆ. ಎರಡನ್ನು ಕೂಡಿಸಿದರೆ ಬಂದ ಮೊತ್ತ ಮೊದಲಿನ ಅರ್ಧಕ್ಕಿಂತಲೂ ಕಡಿಮೆಯಾಯಿತಲ್ಲ ಎಂಬ ಸಂಶಯ ಅವರಿಗೆ ಬರುವುದಿಲ್ಲ. ಯಾಕೆಂದರೆ ಹಲಗೆಯ ಮೇಲಿನ ಅಂಕಿ ಯಾವುದೋ ವಸ್ತುವಿನ ಅಳತೆ ಎಂಬ ನಂಬಿಕೆಯೇ ಅವರಲ್ಲಿ ಉಳಿದಿಲ್ಲ. ಭಿನ್ನರಾಶಿ ತಪ್ಪಿದರೆ ಅನುಪಾತ ತಪ್ಪಿತು. ಅನುಪಾತ ತಪ್ಪಿದರೆ ಸಮರೂಪ ತ್ರಿಭುಜ, ತ್ರಿಕೋನಮಿತಿ, ಸಂಭವನೀಯತೆ, ಶೇಕಡಾವಾರು, ಬಡ್ಡಿ ಎಲ್ಲವೂ ತಪ್ಪಿದಂತೆ. ಹತ್ತನೇ ತರಗತಿಯ ಪುಸ್ತಕದ ಅರ್ಧಕ್ಕಿಂತ ಹೆಚ್ಚು ಅಧ್ಯಾಯಗಳು ಈ ಒಂದು ಕಂಬದ ಮೇಲೆ ನಿಂತಿವೆ. ಜೊತೆಗೆ ಋಣಸಂಖ್ಯೆ ಮತ್ತು ಸಂಖ್ಯೆಯ ಬದಲಿಗೆ ಅಕ್ಷರ ಬಳಸುವ ಬೀಜಗಣಿತದ ಮೊದಲ ಹೆಜ್ಜೆ. ಈ ಮೂರೂ ಕಲಿಯುವ ಕಾಲ ಆರು, ಏಳನೇ ತರಗತಿ.

ಈಗ ಅದೇ ಮಗುವನ್ನು ಸಂತೆಗೆ ಕಳಿಸಿ. ಅರ್ಧ ಕಿಲೋ ಬದನೆಕಾಯಿ, ಪಾವು ಕಿಲೋ ಮೆಣಸಿನಕಾಯಿ, ಒಟ್ಟು ಮುಕ್ಕಾಲು ಕಿಲೋ ಎಂದು ಅದು ಕಣ್ಣು ಮುಚ್ಚಿ ಹೇಳುತ್ತದೆ. ಮುಂಬಯಿ ಕರ್ನಾಟಕದ ನಮ್ಮ ಹಿರಿಯರಂತೂ ಸವ್ವಾ, ದೀಡ, ಅಡೀಚ, ಪೌಣೆ ಎಂದು ಭಿನ್ನರಾಶಿಗಳನ್ನು ನಾಲಿಗೆಯ ಮೇಲೆಯೇ ಇಟ್ಟುಕೊಂಡವರು. ಮುಲ್ಕಿ ಪರೀಕ್ಷೆ ಮುಗಿಸಿ ಮಾಸ್ತರಿಕೆಗೆ ಸೇರಿದ ಅಂದಿನ ಗುರುಗಳು ಕಾಲು, ಅರೆ, ದೀಡಿನ ಮಗ್ಗಿಗಳನ್ನೂ ಹೇಳಿಸುತ್ತಿದ್ದರು. ಆ ಬಾಯಿಪಾಠವನ್ನೇ ಮರಳಿ ತನ್ನಿ ಎನ್ನುವವರು ನಾವಲ್ಲ. ಬೆತ್ತದ ಭಯವೂ ಅದರ ಜೊತೆಗೇ ಬರುತ್ತಿತ್ತು. ಆದರೆ ಅಂದಿನ ಶಾಲೆಯ ಲೆಕ್ಕವೂ ಅಂಗಡಿಯ ಲೆಕ್ಕವೂ ಒಂದೇ ಭಾಷೆ ಆಡುತ್ತಿದ್ದವು ಎಂಬುದನ್ನು ಒಪ್ಪಲೇಬೇಕು.

ಈ ಬಿರುಕು ನಮ್ಮ ಕಲ್ಪನೆಯಲ್ಲ. ಬ್ರೆಜಿಲಿನ ರೆಸಿಫೆ ನಗರದಲ್ಲಿ ಬೀದಿಯಲ್ಲಿ ಮಾರಾಟ ಮಾಡುವ ಮಕ್ಕಳ ಬಗ್ಗೆ 1985ರಲ್ಲಿ ಪ್ರಕಟವಾದ ಅಧ್ಯಯನ ಇದನ್ನೇ ಹೇಳಿತ್ತು. 2025ರಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೋ ಮತ್ತು ಸಂಗಡಿಗರು ಕೋಲ್ಕತ್ತ, ದೆಹಲಿಯ ಮಾರುಕಟ್ಟೆಗಳ ಮಕ್ಕಳನ್ನು ಪರೀಕ್ಷಿಸಿ 'ನೇಚರ್' ಪತ್ರಿಕೆಯಲ್ಲಿ ಬರೆದರು: ವ್ಯಾಪಾರ ಮಾಡುವ ಮಕ್ಕಳು ಕಷ್ಟದ ಲೆಕ್ಕವನ್ನೂ ಬಾಯಲ್ಲೇ ಬಿಡಿಸುತ್ತಾರೆ, ಅದನ್ನೇ ಶಾಲೆಯ ರೂಪದಲ್ಲಿ ಬರೆದುಕೊಟ್ಟರೆ ತಡವರಿಸುತ್ತಾರೆ. ಶಾಲೆಗೆ ಮಾತ್ರ ಹೋಗುವ ಮಕ್ಕಳದು ಇದಕ್ಕೆ ತಿರುಗುಮುರುಗು ಪಾಡು. ಎರಡೂ ಕಡೆ ಅರ್ಧ ಅರ್ಧ ಗಣಿತ. ಕೂಡಿಸುವವರಿಲ್ಲ.

ಸರ್ಕಾರ ಏನೂ ಮಾಡಿಲ್ಲ ಎನ್ನುವುದು ಅನ್ಯಾಯದ ಮಾತಾದೀತು. ಒಂದರಿಂದ ಮೂರಕ್ಕೆ ನಲಿ-ಕಲಿ ಇದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ಆ ಪದ್ಧತಿ ನಾಡಿಗೆಲ್ಲ ಹಬ್ಬಿತು. ನಾಲ್ಕು, ಐದಕ್ಕೆ ಗಣಿತ ಕಲಿಕಾ ಆಂದೋಲನ ಬಂತು. ಮಣಿ, ಪಟ್ಟಿ, ಗಡಿಯಾರಗಳ ಪೆಟ್ಟಿಗೆಗಳು ಶಾಲೆ ಸೇರಿದವು. (ಅವುಗಳಲ್ಲಿ ಎಷ್ಟು ಪೆಟ್ಟಿಗೆಗಳು ಬೀರುವಿನಿಂದ ಹೊರಗೆ ಬರುತ್ತವೆ ಎಂಬುದನ್ನು ಎಸ್‌ಡಿಎಂಸಿ ಸದಸ್ಯರು ಒಮ್ಮೆ ಹೋಗಿ ನೋಡಿ ಬರಬೇಕು. ದೂಳು ಸುಳ್ಳು ಹೇಳುವುದಿಲ್ಲ.) ಮೂರರಿಂದ ಐದನೇ ತರಗತಿಯವರಿಗೆ ಫೋನಿನ ಮೂಲಕ ಲೆಕ್ಕ ಹೇಳಿಕೊಡುವ 'ಗಣಿತ ಗಣಕ' ಈಚೆಗೆ ಸೇರಿಕೊಂಡಿದೆ. ಆಮೇಲೆ? ಆಮೇಲೆ ಹತ್ತನೇ ತರಗತಿಯ ವಿಶೇಷ ತರಗತಿ, ಸಂಜೆ ತರಗತಿ, ರಾತ್ರಿ ತರಗತಿ, ಪ್ಯಾಕೇಜು. ನಡುವಿನ ಆರರಿಂದ ಒಂಬತ್ತಕ್ಕೆ ಜೂನಿನಲ್ಲಿ ಕೆಲವು ದಿನ ಸೇತುಬಂಧ ನಡೆಯುತ್ತದೆ. ಮರುಸಿಂಚನ ಎಂಬ ಹೆಸರೂ ಕೇಳಿಬಂದಿದೆ. ಇವು ಹೊಲದ ಬದುವಿಗೆ ಬಿದ್ದ ನಾಲ್ಕು ಹನಿ. ಭಿನ್ನರಾಶಿ ಬಾರದ ಏಳನೇ ತರಗತಿಯ ಮಗುವಿಗೆ ಬೇಕಾದದ್ದು ವರ್ಷವಿಡೀ ದಿನಕ್ಕೆ ಅರ್ಧ ತಾಸು.

ನಮ್ಮ ಶಾಲೆಗಳ ರಚನೆಯೂ ಇದಕ್ಕೆ ಪೂರಕವಾಗಿಲ್ಲ. ಹಳ್ಳಿಯ ಹಿರಿಯ ಪ್ರಾಥಮಿಕ ಶಾಲೆ ಸಾಮಾನ್ಯವಾಗಿ ಏಳಕ್ಕೆ ಮುಗಿಯುತ್ತದೆ. ಎಂಟಕ್ಕೆ ಮಗು ಬೇರೆ ಊರಿಗೆ ಬಸ್ಸು ಹತ್ತುತ್ತದೆ. ಪ್ರೌಢಶಾಲೆಯವರು 'ಪ್ರಾಥಮಿಕದವರು ಕಲಿಸಿಯೇ ಇಲ್ಲ' ಎನ್ನುತ್ತಾರೆ, ಪ್ರಾಥಮಿಕದವರು 'ಮಗು ಈಗ ನಮ್ಮದಲ್ಲ' ಎನ್ನುತ್ತಾರೆ. ಆರು, ಏಳಕ್ಕೆ ಗಣಿತ ಓದಿದ ಪದವೀಧರರೇ ಬೇಕೆಂದು ಪ್ರತ್ಯೇಕ ಹುದ್ದೆಗಳನ್ನು ಸೃಷ್ಟಿಸಿ, 2022ರಲ್ಲಿ 15,000 ಹುದ್ದೆಗೆ ಪರೀಕ್ಷೆ ನಡೆಸಿದರೂ ಅಷ್ಟೂ ಭರ್ತಿಯಾಗಲಿಲ್ಲ. ನೇಮಕಾತಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿತು. ತೆರವಿದ್ದಲ್ಲಿ ಅತಿಥಿ ಶಿಕ್ಷಕರು. 2025ರ ಬಜೆಟ್ಟಿನಲ್ಲಿ ಅವರ ಗೌರವಧನ 2,000 ರೂಪಾಯಿ ಏರಿ ಪ್ರಾಥಮಿಕದಲ್ಲಿ ತಿಂಗಳಿಗೆ 12,000 ಆಯಿತು. ಈ ಹಣಕ್ಕೆ, ಅದೂ ವರ್ಷಪೂರ್ತಿ ಸಿಗದ ಹಣಕ್ಕೆ, ಬಿಎಸ್ಸಿ, ಬಿಎಡ್ ಮುಗಿಸಿದವರು ಎಷ್ಟು ದಿನ ನಿಂತಾರು? ಖಾಯಂ ಶಿಕ್ಷಕರಿಗೆ ಇನ್ನೊಂದು ಕಾಟ. 2025ರ ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ವಿಸ್ತರಿಸಿದಾಗ ಬಾಗಿಲು ಮುಚ್ಚಿದ್ದು ಸರ್ಕಾರಿ ಮತ್ತು ಅನುದಾನಿತ ಶಾಲೆಗಳಿಗೆ. ಸಮೀಕ್ಷೆ ಬೇಕು, ಹಿಂದುಳಿದವರ ಲೆಕ್ಕ ಸಿಗಬೇಕು ಎಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಹಿಂದುಳಿದವರನ್ನು ಎಣಿಸುವ ಕೆಲಸಕ್ಕೆ ಹಿಂದುಳಿದವರ ಮಕ್ಕಳ ಪಾಠವನ್ನೇ ನಿಲ್ಲಿಸಿದ್ದು ಎಂಥ ವಿಪರ್ಯಾಸ!

ಗಜೇಂದ್ರಗಡದವರಿಗೆ ಮತ್ತೊಂದು ನೋವಿದೆ. ಪೂರ್ವಕ್ಕೆ ಕೆಲವೇ ಕಿಲೋಮೀಟರ್ ದಾಟಿದರೆ ಕೊಪ್ಪಳ ಜಿಲ್ಲೆ. ಅಲ್ಲಿ 371(ಜೆ) ವಿಧಿಯ ರಕ್ಷಣೆ ಇದೆ, ಪ್ರತ್ಯೇಕ ಮಂಡಳಿಯ ಹಣವಿದೆ, ನೇಮಕಾತಿಯಲ್ಲಿ ಮೀಸಲಿದೆ. ಅವರಿಗೆ ಸಿಕ್ಕಿದ್ದು ನ್ಯಾಯವೇ. ಆದರೆ ಮಳೆಗೂ ಬರಕ್ಕೂ ಜಿಲ್ಲೆಯ ಗಡಿ ಗೊತ್ತಿಲ್ಲ. ಗಡಿಯ ಈಚೆಗಿರುವ ಬಡತನಕ್ಕೆ ಹೆಸರಿಲ್ಲವೆಂಬ ಕಾರಣಕ್ಕೆ ಅದು ಕಡಿಮೆ ಬಡತನವಾಗುವುದಿಲ್ಲ.

ಕೊರೋನಾದ ಮಕ್ಕಳ ಕಥೆಯನ್ನೂ ಇಲ್ಲಿ ಹೇಳಬೇಕು. 2020ರ ಮಾರ್ಚ್‌ನಲ್ಲಿ ಶಾಲೆ ಮುಚ್ಚಿದಾಗ ನಾಲ್ಕನೇ ತರಗತಿಯಲ್ಲಿದ್ದವರು ಐದನೇ ತರಗತಿಯನ್ನು ಬಹುತೇಕ ಮನೆಯಲ್ಲೇ ಕಳೆದರು. ಭಿನ್ನರಾಶಿಯ ಕೂಡು-ಕಳೆ ಬರುವುದು ಅಲ್ಲೇ. ಆರನೇ ತರಗತಿಯ ಬಾಗಿಲು ಅವರಿಗೆ ತೆರೆದದ್ದು 2021ರ ಸೆಪ್ಟೆಂಬರಿನಲ್ಲಿ. 2022-23ನ್ನು 'ಕಲಿಕಾ ಚೇತರಿಕೆ' ವರ್ಷವೆಂದು ಕರೆದು ಹಾಳೆಗಳನ್ನು ಹಂಚಿದರು. ಅದೇ ಮಕ್ಕಳು 2025-26ರಲ್ಲಿ ಹತ್ತನೇ ತರಗತಿಯಲ್ಲಿ ಕುಳಿತರು. ಗ್ರಾಮೀಣ ಭಾರತದ 28 ಜಿಲ್ಲೆಗಳ 14ರಿಂದ 18 ವಯಸ್ಸಿನವರಲ್ಲಿ ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಶೇ. 43.3 ಮಾತ್ರ ಎಂದು 'ಅಸರ್' 2023ರ ಸಮೀಕ್ಷೆ ಹೇಳಿತ್ತು. ಅವರಿಗೆ ವರ್ಗ ಸಮೀಕರಣ ಕಲಿಸಲು ಹೊರಟಿದ್ದೇವೆ.

ಮುಸ್ಲಿಮ್ ಮಕ್ಕಳ ಮಟ್ಟಿಗೆ ಎಂಟನೇ ತರಗತಿಯ ಹೊಸ್ತಿಲು ಇನ್ನೂ ಎತ್ತರ. ಸರ್ಕಾರಿ ಉರ್ದು ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಏಳು ವರ್ಷ ಓದಿದ ಮಗುವಿಗೆ ಗುಣಾಕಾರ ಎಂದರೆ 'ಜರ್ಬ್', ಭಾಗಾಕಾರ 'ತಕ್ಸೀಮ್', ಭಿನ್ನರಾಶಿ 'ಕಸ್ರ್', ಅನುಪಾತ 'ನಿಸ್ಬತ್', ತ್ರಿಭುಜ 'ಮುಸಲ್ಲಸ್', ವಿಸ್ತೀರ್ಣ 'ರಕ್ಬಾ'. ಹತ್ತಿರದಲ್ಲಿ ಉರ್ದು ಪ್ರೌಢಶಾಲೆ ಇಲ್ಲದ ಊರಿನ ಮಗು ಎಂಟಕ್ಕೆ ಕನ್ನಡ ಮಾಧ್ಯಮಕ್ಕೆ ಬಂದ ದಿನ ಈ ಶಬ್ದಗಳೆಲ್ಲ ಒಮ್ಮೆಲೇ ಚಲಾವಣೆ ಕಳೆದುಕೊಂಡ ನಾಣ್ಯಗಳಾಗುತ್ತವೆ. ಗೊತ್ತಿದ್ದ ಲೆಕ್ಕವೂ ಗೊತ್ತಿಲ್ಲದಂತಾಗುತ್ತದೆ. ಪ್ರಶ್ನೆ ಕೇಳಿದರೆ ಸುಮ್ಮನೆ ನಿಲ್ಲುವ ಆ ಹುಡುಗಿಯನ್ನು ಶಿಕ್ಷಕರು ದಡ್ಡಿ ಎಂದು ಬರೆದುಕೊಳ್ಳುತ್ತಾರೆ. ಮುಂದೆ ಪಿಯುಸಿ ವಿಜ್ಞಾನಕ್ಕೆ ಹೋದರೆ ಮೂರನೆಯ ಸಲ, ಇಂಗ್ಲಿಷಿನಲ್ಲಿ, ಎಲ್ಲ ಹೆಸರುಗಳನ್ನೂ ಮತ್ತೆ ಕಲಿಯಬೇಕು.

ಇತಿಹಾಸದಲ್ಲಿ ಗಣಿತದಷ್ಟು ಸಲೀಸಾಗಿ ಭಾಷೆ ದಾಟಿದ ವಿದ್ಯೆ ಇನ್ನೊಂದಿಲ್ಲ. ಭಾರತದ ಅಂಕಿಗಳು ಬಾಗ್ದಾದಿಗೆ ಹೋದವು. ಅಲ್ಲಿ ಒಂಬತ್ತನೇ ಶತಮಾನದಲ್ಲಿ ಅಲ್-ಖ್ವಾರಿಜ್ಮಿ ಬರೆದ ಗ್ರಂಥದ ಹೆಸರಿನಲ್ಲಿದ್ದ 'ಅಲ್-ಜಬ್ರ್' ಜಗತ್ತಿಗೆ ಆಲ್ಜಿಬ್ರಾ ಎಂಬ ಪದ ಕೊಟ್ಟಿತು. ಅದೇ ಶತಮಾನದಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಕಾಲಕ್ಕೆ ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ರಚಿಸಿದ. ಹನ್ನೆರಡನೇ ಶತಮಾನದಲ್ಲಿ ರಾಜಾದಿತ್ಯ ಕನ್ನಡದಲ್ಲೇ 'ವ್ಯವಹಾರಗಣಿತ' ಬರೆದ. ಭಾಸ್ಕರಾಚಾರ್ಯನ 'ಲೀಲಾವತಿ'ಯನ್ನು ಅಕ್ಬರನ ಆಸ್ಥಾನದ ಫೈಝಿ 1587ರಲ್ಲಿ ಪಾರಸಿಗೆ ತಂದ. ಇಷ್ಟು ದೂರ ನಡೆದ ವಿದ್ಯೆ ನಮ್ಮೂರ ಉರ್ದು ಶಾಲೆಯಿಂದ ಅದೇ ಊರಿನ ಕನ್ನಡ ಪ್ರೌಢಶಾಲೆಗೆ ಹೋಗುವಾಗ ದಾರಿ ತಪ್ಪುತ್ತದೆ! ಇದಕ್ಕೆ ದೊಡ್ಡ ಯೋಜನೆಯೇನೂ ಬೇಡ. ಆರು, ಏಳನೇ ತರಗತಿಯ ಗಣಿತದ ಶಬ್ದಗಳನ್ನು ಉರ್ದು, ಕನ್ನಡ, ಇಂಗ್ಲಿಷ್ ಮೂರು ಸಾಲಿನಲ್ಲಿ ಬರೆದ ಒಂದು ಸಣ್ಣ ಪುಸ್ತಿಕೆಯನ್ನು ಈ ತಾಲೂಕುಗಳ ಉರ್ದು ಶಿಕ್ಷಕರೇ ಒಂದು ಬೇಸಿಗೆಯಲ್ಲಿ ಸಿದ್ಧಪಡಿಸಬಹುದು. ಏಳನೇ ತರಗತಿಯಲ್ಲೇ ವಾರಕ್ಕೆರಡು ಸಲ ಅದನ್ನು ಓದಿಸಿದರೆ ಸಾಕು.

ಆ ಹಳೆಯ ಗ್ರಂಥಗಳಲ್ಲಿ ಇನ್ನೊಂದು ಪಾಠವಿದೆ. ಅಲ್-ಖ್ವಾರಿಜ್ಮಿ ತನ್ನ ವಿದ್ಯೆ ವಾರಸುದಾರರ ಪಾಲು, ವ್ಯಾಪಾರ, ಭೂಮಿಯ ಅಳತೆ, ಕಾಲುವೆ ತೋಡುವ ಕೆಲಸಕ್ಕೆಂದು ಹೇಳಿಕೊಂಡ. ರಾಜಾದಿತ್ಯನ ಹೊತ್ತಿಗೆಯ ಹೆಸರಲ್ಲೇ ವ್ಯವಹಾರವಿದೆ. ನಮ್ಮ ಪಠ್ಯದ ಕತೆ ಏನು? 2018-19ರಿಂದ ಹತ್ತನೇ ತರಗತಿಯ ಗಣಿತಕ್ಕೆ ಎನ್‌ಸಿಇಆರ್‌ಟಿ ಪುಸ್ತಕದ ಕನ್ನಡ ರೂಪ ಬಂತು. ಮೂಲ ಪುಸ್ತಕ ಕೆಟ್ಟದ್ದಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟಿಗಾಗಿ ಆರ್. ರಾಮಾನುಜಂ ನೇತೃತ್ವದ ತಂಡ ಗಣಿತದ ಗುರಿ ಮಗುವಿನ ಯೋಚನೆಯನ್ನು ಗಣಿತೀಯಗೊಳಿಸುವುದು, ಭಯ ಹುಟ್ಟಿಸುವುದಲ್ಲ ಎಂದು ವಿವರವಾಗಿ ಬರೆದಿತ್ತು. ಆದರೆ ದೆಹಲಿಯಿಂದ ಬೆಂಗಳೂರಿಗೆ, ಬೆಂಗಳೂರಿನಿಂದ ಹೊಳೆ ಆಲೂರಿಗೆ ಬರುವಷ್ಟರಲ್ಲಿ ಯೋಚನೆ ಕಳೆದು ಸೂತ್ರ ಉಳಿಯುತ್ತದೆ. 'ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿಗಳು' ಎಂಬ ಅಧ್ಯಾಯದ ಹೆಸರನ್ನೇ ಒಂದುಸಿರಿನಲ್ಲಿ ಹೇಳಲಾಗದ ಮಗು ಒಳಗೆ ಹೋಗುವುದು ಹೇಗೆ?

ಇಲ್ಲಿ ಲೆಕ್ಕಗಳಿಗೆ ಬರವಿಲ್ಲ. ನರಗುಂದ ಲೆಕ್ಕ ಕೇಳಿದ ನೆಲ. 1980ರ ಜುಲೈ 21ರಂದು ಇಲ್ಲಿ ಗುಂಡು ಹಾರಿದ್ದು ಮಲಪ್ರಭೆಯ ನೀರು ತಲುಪದ ಹೊಲಕ್ಕೂ ಅಭಿವೃದ್ಧಿ ಕರ ಯಾಕೆ ಎಂದು ರೈತರು ಕೇಳಿದ್ದಕ್ಕೆ. 2015ರಿಂದ ಮಹದಾಯಿಗಾಗಿ ಇಲ್ಲಿ ವರ್ಷಗಟ್ಟಲೆ ಧರಣಿ ನಡೆಯಿತು. ಈ ಊರಿನ ಮಗು ಟಿಎಂಸಿ ಎಂಬ ಶಬ್ದವನ್ನು ತೊಟ್ಟಿಲಲ್ಲೇ ಕೇಳಿದೆ. 2018ರಲ್ಲಿ ನ್ಯಾಯಮಂಡಳಿ ಕಳಸಾಕ್ಕೆ 1.72, ಬಂಡೂರಿಗೆ 2.18 ಟಿಎಂಸಿ ಎಂದಿತು. ಕೂಡಿಸಿ: 3.9. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ. ಒಂದು ಘನ ಅಡಿಗೆ ಸುಮಾರು 28.3 ಲೀಟರ್. ಹಾಗಾದರೆ ಸುಮಾರು 11,000 ಕೋಟಿ ಲೀಟರ್. ತಲೆಗೆ ದಿನಕ್ಕೆ 135 ಲೀಟರಿನಂತೆ ಒಂದು ಲಕ್ಷ ಜನರ ಪಟ್ಟಣಕ್ಕೆ ಎಷ್ಟು ವರ್ಷ ಬಂದೀತು? ಇಪ್ಪತ್ತೆರಡು ವರ್ಷ ದಾಟುತ್ತದೆ. ದಶಮಾಂಶ, ದೊಡ್ಡ ಸಂಖ್ಯೆ, ಘನಫಲ, ಏಕಮಾನ ಎಲ್ಲವೂ ಒಂದೇ ಲೆಕ್ಕದಲ್ಲಿ ಬಂದವು, ಅದೂ ಏಳನೇ ತರಗತಿಯ ಮಟ್ಟದಲ್ಲಿ.

ಗಜೇಂದ್ರಗಡದ ಗುಡ್ಡದ ಸುತ್ತ ಗಾಳಿಯಂತ್ರಗಳಿವೆ. ಒಂದು ಮೀಟರ್ ಕೋಲಿನ ನೆರಳು 60 ಸೆಂಟಿಮೀಟರ್ ಬಿದ್ದ ಹೊತ್ತಿಗೆ ಸಮತಟ್ಟು ನೆಲದ ಮೇಲೆ ಯಂತ್ರದ ಕಂಬದ ನೆರಳು 48 ಮೀಟರ್ ಇದ್ದರೆ ಕಂಬದ ಎತ್ತರ 80 ಮೀಟರ್. ಥೇಲ್ಸನ ಹೆಸರಿನ ಪ್ರಮೇಯ ಇಷ್ಟೇ. ಅವನು ಪಿರಮಿಡ್ಡಿನ ಎತ್ತರವನ್ನು ನೆರಳಿನಿಂದ ಅಳೆದನೆಂಬ ಕತೆಯೂ ಇದೆ. ಅಲ್ಲಿನ ಪಟ್ಟೇದಂಚಿನ ಸೀರೆಯ ಚೌಕುಳಿಯಲ್ಲಿ ಹಾಸಿನ ಎಳೆ ಎಷ್ಟು, ಹೊಕ್ಕಿನ ಎಳೆ ಎಷ್ಟು ಎಂದು ನೇಕಾರನ ಮಗಳು ಎಣಿಸಿದರೆ ಅದೇ ಅನುಪಾತ. ನಾಲ್ಕು ಎಕರೆಯ ಕೂರಿಗೆ ಹೊಲವನ್ನು ಮೂವರು ಮಕ್ಕಳಿಗೆ ಹಂಚಿದರೆ ತಲೆಗೆ ಒಂದು ಎಕರೆ ಹದಿಮೂರು ಗುಂಟೆಯ ಮೇಲೆ ಒಂದು ಗುಂಟೆಯ ಮೂರನೇ ಒಂದು ಪಾಲು. ಆ ಮೂರನೇ ಒಂದು ಪಾಲಿಗಾಗಿ ಅಣ್ಣತಮ್ಮಂದಿರು ಕೋರ್ಟಿಗೆ ಅಲೆದದ್ದನ್ನು ಕಂಡ ಮಕ್ಕಳಿಗೆ ಭಿನ್ನರಾಶಿ ಅರ್ಥವಾಗುವುದಿಲ್ಲವೆಂದರೆ ನಾವು ನಂಬೆವು.

ಇನ್ನು ಬಡ್ಡಿಯ ಲೆಕ್ಕ. ಕಿರುಸಾಲದ ಕಂಪನಿಯವರು ಮನೆಬಾಗಿಲಿಗೆ ಬಂದು 10,000 ರೂಪಾಯಿಗೆ ವರ್ಷಕ್ಕೆ ಶೇ. 12, ಫ್ಲ್ಯಾಟ್ ಬಡ್ಡಿ, ತಿಂಗಳಿಗೆ 933 ರೂಪಾಯಿಯ ಹನ್ನೆರಡು ಕಂತು ಎನ್ನುತ್ತಾರೆ. ಪ್ರತಿ ತಿಂಗಳೂ ಅಸಲು ಕರಗುತ್ತದೆ. ವರ್ಷದ ಸರಾಸರಿ ತೆಗೆದರೆ ಆ ತಾಯಿಯ ಕೈಯಲ್ಲಿ ಉಳಿದದ್ದು ಸುಮಾರು 5,400 ರೂಪಾಯಿ ಸಾಲ ಮಾತ್ರ. ಅದಕ್ಕೆ 1,200 ಬಡ್ಡಿ ಎಂದರೆ ದರ ಶೇ. 22ರ ಹತ್ತಿರ. ಎಂಟನೇ ತರಗತಿಯ ಮಗಳು ಇದನ್ನು ಹಾಳೆಯ ಮೇಲೆ ಮಾಡಿ ತೋರಿಸಿದರೆ ಸಹಿ ಹಾಕುವ ಕೈ ಒಂದು ಕ್ಷಣ ತಡೆದೀತು. ವಸೂಲಿಯ ಕಿರುಕುಳ ತಡೆಯಲು 2025ರ ಆರಂಭದಲ್ಲಿ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಬಡವರ ಮಕ್ಕಳಿಗೆ ಗಣಿತ ಯಾಕೆ ಎಂದು ಕೇಳುವವರು ಈ ಎರಡು ಸಂಗತಿಗಳನ್ನು ಕೂಡಿಸಿ ನೋಡಲಿ.

ಮಾಡಬೇಕಾದದ್ದು ಹೆಚ್ಚಿಲ್ಲ. ಹತ್ತನೇ ತರಗತಿಗೆ ಜನವರಿಯಲ್ಲಿ ಸುರಿಯುವ ಶ್ರಮದ ಅರ್ಧವನ್ನು ಜೂನ್ ತಿಂಗಳಲ್ಲೇ ಆರು, ಏಳು, ಎಂಟಕ್ಕೆ ತಿರುಗಿಸಬೇಕು. ದಿನಕ್ಕೆ ಅರ್ಧ ತಾಸು, ತರಗತಿ ನೋಡದೆ ಮಗುವಿನ ಮಟ್ಟ ನೋಡಿ ಗುಂಪು ಮಾಡಿ, ಭಿನ್ನರಾಶಿ, ಋಣಸಂಖ್ಯೆ, ಅನುಪಾತ ಇಷ್ಟನ್ನೇ ಗಟ್ಟಿ ಮಾಡಬೇಕು. ಪ್ರೌಢಶಾಲೆಯ ಗಣಿತ ಶಿಕ್ಷಕರೂ ಅದಕ್ಕೆ ಮಕ್ಕಳನ್ನು ಕಳಿಸುವ ಪ್ರಾಥಮಿಕ ಶಾಲೆಗಳವರೂ ತಿಂಗಳಿಗೊಮ್ಮೆ ಒಂದೆಡೆ ಕುಳಿತು ಮಕ್ಕಳ ನೋಟ್‌ಬುಕ್ ನೋಡಬೇಕು. ಸುತ್ತೋಲೆ ಓದುವ ಸಭೆಗಳು ಸಾಕಾಗಿವೆ. ಎಂಟರಲ್ಲಿ ಎನ್‌ಎಂಎಂಎಸ್ ಪರೀಕ್ಷೆ ಇದೆ. ಗೆದ್ದರೆ ಒಂಬತ್ತರಿಂದ ಹನ್ನೆರಡರವರೆಗೆ ವರ್ಷಕ್ಕೆ 12,000 ರೂಪಾಯಿ. ಆ ಹಣ ಒಬ್ಬ ಹುಡುಗಿಯನ್ನು ಶಾಲೆಯಲ್ಲಿ ನಾಲ್ಕು ವರ್ಷ ಉಳಿಸಬಲ್ಲದು. ಗಣಿತದಲ್ಲಿ ನಪಾಸಾದ ಹುಡುಗ ಗ್ಯಾರೇಜಿಗೋ ಗೋವಾಕ್ಕೋ ಹೋಗುತ್ತಾನೆ, ಮರುವರ್ಷ ಮನಸ್ಸು ಬದಲಿಸಿ ಪರೀಕ್ಷೆಗೂ ಕೂರಬಹುದು. ನಪಾಸಾದ ಹುಡುಗಿಗೆ ಎರಡನೇ ಸಲ ಫೀ ಕಟ್ಟುವ ಮನೆಗಳು ಕಡಿಮೆ. ಅವಳಿಗೆ ಸಂಬಂಧ ಹುಡುಕಲು ಶುರು ಮಾಡುತ್ತಾರೆ.

ಸರ್ಕಾರಕ್ಕೆ ಇಷ್ಟು ಹೇಳಿದ ಮೇಲೆ ನಮ್ಮ ಜಮಾಅತ್‌ಗಳಿಗೂ ಸಮುದಾಯದ ಸಂಘಗಳಿಗೂ ಒಂದು ಮಾತು ಹೇಳದಿರಲಾಗದು. ಪ್ರತಿ ವರ್ಷ ಫಲಿತಾಂಶದ ಬಳಿಕ ಊರೂರಿನಲ್ಲಿ ಪ್ರತಿಭಾ ಪುರಸ್ಕಾರ ನಡೆಯುತ್ತದೆ. ಶಾಮಿಯಾನ, ಶಾಲು, ಫಲಕ, ಮುಖ್ಯ ಅತಿಥಿಗಳ ಉದ್ದ ಭಾಷಣ, ಕೊನೆಗೆ ಬಿರಿಯಾನಿ. ಶೇ. 90 ಪಡೆದ ಮಗುವಿಗೆ ಮೂರು ಸಂಘಗಳಿಂದ ಮೂರು ಗಡಿಯಾರ. ಅದೇ ಓಣಿಯಲ್ಲಿ ಆರನೇ ತರಗತಿಯ ಹನ್ನೆರಡು ಮಕ್ಕಳು ಭಾಗಾಕಾರ ಬಾರದೆ ಕುಳಿತಿರುತ್ತಾರೆ, ಬಿಎಸ್ಸಿ ಗಣಿತ ಮುಗಿಸಿದ ಒಬ್ಬ ಹೆಣ್ಣುಮಗಳು ಕೆಲಸವಿಲ್ಲದೆ ಮನೆಯಲ್ಲಿರುತ್ತಾಳೆ, ಶಾದಿಮಹಲಿನ ಹಿಂದಿನ ಕೋಣೆ ಸಂಜೆ ಐದರಿಂದ ಏಳರವರೆಗೆ ಖಾಲಿ ಇರುತ್ತದೆ. ಒಂದು ಸಮಾರಂಭದ ಖರ್ಚಿನಲ್ಲಿ ಆಕೆಗೆ ಜೂನಿನಿಂದ ಮಾರ್ಚ್‌ವರೆಗೆ ತಿಂಗಳಿಗೆ ಎಷ್ಟು ಕೊಡಬಹುದು? ಸಂಘದ ಕಾರ್ಯದರ್ಶಿಗಳು ಜಮಾ-ಖರ್ಚಿನ ಪುಸ್ತಕ ತೆರೆದು ಈ ಭಾಗಾಕಾರವನ್ನು ಮಾಡಿ ನೋಡಲಿ.